ಮನೆಗೊಂದು ಕಾರ್ಡು

ಡಾಕ್ಟರ್ ಕೌಸರ್ ಗುಳಿಗೆ ಬರೆದುಕೊಡುವ ಡಾಕ್ಟರಲ್ಲ ಎಂಬ ಸಂಗತಿ ಆಕೆಯ ತಾಯಿ ಖಾಸಿಂಬೀಗೆ ಇನ್ನೂ ಅರಗಿರಲಿಲ್ಲ. ಲಿಂಗಸುಗೂರಿನ ಓಣಿಯಲ್ಲಿ ಯಾರಾದರೂ ಮೊಣಕಾಲು ನೋವೆಂದು ಮನೆ ಬಾಗಿಲಿಗೆ ಬಂದರೆ, "ನಮ್ಮ ಹುಡುಗಿ ಅಂಥಾ ಡಾಕ್ಟರಲ್ರೀ. ಮಂದಿ ಹೊಟ್ಟ್ಯಾಗಿನ ಚರಬಿ ತಗದು ಗಾಜಿನ ಕೆಳಗ ಇಟ್ಟು ನೋಡ್ತಾಳ" ಎಂದು ಹೇಳಿ ಕಳಿಸುತ್ತಿದ್ದಳು. ಆಮೇಲೆ ಮಗಳಿಗೆ ಮಾತ್ರ ಕೇಳುವಂತೆ, ಕಟುಕನಿಗೆ ಕೊಟ್ಟಿದ್ದರೂ ಇದೇ ಕೆಲಸ ಇತ್ತು ಎಂದು ಗೊಣಗುತ್ತಿದ್ದಳು: "ಕಸಾಯಿಕೂ ದೇತೇ ತೋ ಬೀ ಯಹೀಚ್ ಕಾಮ್ ಥಾ."

ಮಾತಿನಲ್ಲಿ ಸುಳ್ಳೇನಿರಲಿಲ್ಲ. ಕೌಸರ್ ಒಂದು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದಳು. ಉಳಿದ ಹೊತ್ತೆಲ್ಲ ಕೊಬ್ಬಿನ ಹಿಂದೆ ಬಿದ್ದಿದ್ದಳು. ದಪ್ಪಗಿದ್ದವರಿಗೆ ಸಕ್ಕರೆ ಕಾಯಿಲೆ ಬರುವುದು ಎಲ್ಲರಿಗೂ ಗೊತ್ತು. ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಯಲ್ಲಿ, ನಲವತ್ತು ಕಿಲೋ ದಾಟದ, ದಿನವಿಡೀ ಭತ್ತದ ಗದ್ದೆಯಲ್ಲಿ ಬಗ್ಗಿ ನಿಲ್ಲುವ ಹೆಂಗಸರಿಗೆ ಅದು ಯಾಕೆ ಬರುತ್ತದೆ ಎಂಬುದು ಅವಳ ಪ್ರಶ್ನೆ. ಕಾಲುವೆ ಬರುವ ಮೊದಲು ಜೋಳದ ರೊಟ್ಟಿ ತಿನ್ನುತ್ತಿದ್ದ ಊರು. ಈಗ ಮೂರು ಹೊತ್ತೂ ಅನ್ನ. ಅಷ್ಟು ಹೇಳಿದರೆ ಉತ್ತರ ಮುಗಿಯುವುದಿಲ್ಲ. ಅನ್ನ ಎಲ್ಲರೂ ತಿನ್ನುತ್ತಾರೆ, ಕಾಯಿಲೆ ಕೆಲವರಿಗೇ ಬರುತ್ತದೆ.

ಮೊದಲ ಸಲ ಊರಿಗೆ ಹೋದಾಗ ಅವಳು ಜನರನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿ ವಿವರಿಸಿದ್ದಳು.

"ಮೈಯಾಗಿನ ಕೊಬ್ಬು ಅಂದ್ರ ಗೋದಾಮಿದ್ದಂಗ್ರಿ. ದೊಡ್ಡ ಗೋದಾಮು ಇದ್ದೋರು ಎಷ್ಟು ಚೀಲ ಬಂದ್ರೂ ಒಳಗ ಒಟ್ಟತಾರ. ಸಣ್ಣ ಗೋದಾಮಿನೋರದು ಬೇಗ ತುಂಬತೈತಿ. ಉಳಿದ ಚೀಲ ರಸ್ತೆದಾಗ ಬಿದ್ದು ಗಾಡಿ ಓಡ್ಯಾಡಾಕ ಬಿಡಂಗಿಲ್ಲ. ನಿಮ್ಮಂಥ ತೆಳ್ಳನೋರ ಮೈಯಾಗ ಹಂಗ ಜಿಡ್ಡು ಹೋಗಿ ಲಿವರ್‌ದಾಗ ಕುಂದರತೈತೇನೋ ಅಂತ ನೋಡಬೇಕಾಗೇತಿ."

ಹಿಂದಿನಿಂದ ಒಬ್ಬ ಕೇಳಿದ: "ಗೋದಾಮು ದೊಡ್ಡದು ಮಾಡಾಕ ಸಬ್ಸಿಡಿ ಐತೇನ್ರಿ?"

ಹೊಕ್ಕುಳ ಪಕ್ಕದಲ್ಲಿ ಮರಗಟ್ಟಿಸಿ, ಸೂಜಿ ಹಾಕಿ, ಕಡಲೆಕಾಳಿನಷ್ಟು ಕೊಬ್ಬು ಎಳೆದು ತೆಗೆಯಬೇಕಿತ್ತು. ಅದಕ್ಕೆ ಎಲ್ಲರಿಗಿಂತ ಮೊದಲು ಮುಂದೆ ಬಂದವಳು ಅರವತ್ತರ ಗ್ಯಾನಮ್ಮ. ತೂಕ ಮೂವತ್ತೊಂಬತ್ತು ಕಿಲೋ, ಸಕ್ಕರೆ ಇನ್ನೂರ ನಲವತ್ಮೂರು. ಬೆಂಚಿನ ಮೇಲೆ ಮಲಗಿ ಅಂದಳು: "ನನ್ನ ಮೈಯಾಗ ಕೊಬ್ಬು ಹುಡುಕಾಕ ಬಂದೀಯೇನವ್ವ? ನಮ್ಮ ಅತ್ತಿ ಮೂವತ್ತು ವರ್ಷ ಹುಡುಕಿ ಹುಡುಕಿ ಇಳಿಸಿ ಹೋಗ್ಯಾಳ."

ನೂರ ನಲವತ್ತು ಮನೆ ಒಪ್ಪಿದವು. ಅವನ್ನೆಲ್ಲ ಒಂದು ಹಳಿಯ ಮೇಲೆ ಓಡಿಸುವ ಕೆಲಸ ದುರುಗೇಶನದು. ನಲವತ್ತೈದು ದಾಟಿದ, ಲೆಕ್ಕದಲ್ಲಿ ತಪ್ಪದ ಮನುಷ್ಯ. ಇಲ್ಲಿಗೆ ಬರುವ ಮೊದಲು ಹದಿನಾಲ್ಕು ವರ್ಷ ರೇಷನ್ ಅಂಗಡಿಯಲ್ಲಿ ತೂಕ ಹಾಕಿದ್ದ. ಪ್ರತಿಯೊಬ್ಬರಿಗೂ ಒಂದು ಗುರುತಿನ ಕಾರ್ಡು ಬೇಕೆಂದು ಕೌಸರ್ ಹೇಳಿದಾಗ, ತನಗೆ ಗೊತ್ತಿದ್ದ ಮಾದರಿಯಲ್ಲೇ ಮಾಡಿಸಿದ: ಮನೆಗೊಂದು ಕಾರ್ಡು, ಮೇಲೆ ದೊಡ್ಡದಾಗಿ ಮನೆ ನಂಬರು, ಕೆಳಗೆ ಸಣ್ಣದಾಗಿ ಕಾಯಿಲೆಯವರ ಹೆಸರು. ಕಾರ್ಡು ಅಚ್ಚುಕಟ್ಟಾಗಿತ್ತು. ಕೌಸರ್ ಹೊಗಳಿದಳು. ಗ್ಯಾನಮ್ಮನ ಮನೆಗೆ ಬಂದದ್ದು ನೂರ ಹನ್ನೆರಡು.

ಎರಡು ವರ್ಷದ ಮೇಲೆ ಎರಡನೆಯ ಸುತ್ತು. ದುರುಗೇಶ ಮೊದಲು ಮನೆಮನೆಗೆ ಹೋಗಿ ತೂಕ ತೆಗೆದುಕೊಂಡ. ರಕ್ತ ಮತ್ತು ಕೊಬ್ಬು ತೆಗೆಯುವ ಕೆಲಸಕ್ಕೆ ಮಸ್ಕಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದರು. ಜನರನ್ನು ಜೀಪಿನಲ್ಲಿ ಕರೆತರುವುದೆಂದಾಯಿತು. ಆ ವಾರ ಕೌಸರಳಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ, ಬರಲಾಗಲಿಲ್ಲ. ಸೂಜಿ ಹಾಕಲು ಬಂದ ಹೊಸ ಡಾಕ್ಟರಿಗೆ ಕೊಟ್ಟ ಹಾಳೆಯಲ್ಲಿ ನಂಬರಷ್ಟೇ ಇತ್ತು. ಹೆಸರು, ವಯಸ್ಸು ಕಂಡರೆ ನೋಡುವವರ ಕಣ್ಣು ಆ ಕಡೆ ವಾಲುತ್ತದೆಂದು ಕೌಸರಳೇ ಅವನ್ನು ತೆಗೆಸಿದ್ದಳು. ಒಳ್ಳೆಯ ಸಂಶೋಧನೆ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ಹೊಸ ಡಾಕ್ಟರು ದಿನಕ್ಕೆ ನಲವತ್ತು ಹೊಟ್ಟೆ ನೋಡಿದ, ಒಂದು ಮುಖವನ್ನೂ ನೋಡಲಿಲ್ಲ.

ಫಲಿತಾಂಶಗಳು ಬಂದಾಗ ನೂರ ಹನ್ನೆರಡರ ಸಾಲಿನ ಮುಂದೆ ಕೌಸರ್ ಬಹಳ ಹೊತ್ತು ಕೂತಳು. ಸಕ್ಕರೆ ಎಂಬತ್ತೆಂಟು. ಮೂರು ತಿಂಗಳ ಸರಾಸರಿಯೂ ಸರಿ. ತೂಕ ಮಾತ್ರ ಅದೇ ಮೂವತ್ತೊಂಬತ್ತು. ಕೊಬ್ಬಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎರಡು ವರ್ಷದ ಹಿಂದೆ ಉಬ್ಬಿ ಉರಿಯೆದ್ದು ನಿಂತಿದ್ದಂಥವು ಈಗ ಸಣ್ಣಗೆ, ಸಾಲಾಗಿ, ಆರೋಗ್ಯವಾಗಿ ಇದ್ದವು. ತೂಕ ಬದಲಾಗದೆ ಕೊಬ್ಬು ತಾನಾಗಿಯೇ ಸುಧಾರಿಸಿದೆ! ಇಂಥದ್ದನ್ನು ಕಾಣಲೆಂದೇ ಅವಳು ಹತ್ತು ವರ್ಷ ಸವೆಸಿದ್ದಳು. ಹೈದರಾಬಾದಿನ ಸಮ್ಮೇಳನದಲ್ಲಿ ಆ ಚಿತ್ರ ತೋರಿಸಿ, "ಅರವತ್ತೆರಡರ ಹೆಂಗಸಿನ ಮೈಯಲ್ಲಿ ಇಪ್ಪತ್ತೈದರ ಕೋಶಗಳು" ಎಂದಳು. ಸಭೆ ಚಪ್ಪಾಳೆ ತಟ್ಟಿತು. ಇಪ್ಪತ್ತೈದರದು ಎಂಬ ಮಾತು ಅಕ್ಷರಶಃ ನಿಜವಾಗಿತ್ತು. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗ್ಯಾನಮ್ಮನಿಗೆ ಕಳಿಸಿದ ವರದಿಯ ಅಡಿಯಲ್ಲಿ ಕೌಸರ್ ತಾನೇ ಪೆನ್ನಿನಿಂದ ಬರೆದಳು: "ಈಗ ನಿಮಗೆ ಸಕ್ಕರೆ ಕಾಯಿಲೆ ಇಲ್ಲ. ಗುಳಿಗೆ ನಿಲ್ಲಿಸಬಹುದು." ಅದರ ಕೆಳಗೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಇನ್ನೊಂದು ಸಾಲು. ಯಾಕೆ ಹಾಗೆ ಬರೆದಳೋ ಅವಳಿಗೂ ಹೇಳಲಾಗಲಿಲ್ಲ. ಸಂತೋಷ ಕನ್ನಡದಲ್ಲಿ ಬಂದಿತ್ತು, ಎಚ್ಚರಿಕೆ ಅಭ್ಯಾಸದ ಭಾಷೆಯಲ್ಲಿ. ಗ್ಯಾನಮ್ಮನ ಮನೆಯವರು ಕಾಗದಕ್ಕೆ ಮಸ್ಕಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರು.

ಹತ್ತು ತಿಂಗಳ ಮೇಲೆ, ಭತ್ತ ಹೊಡೆ ಬಿಡುವ ಕಾಲಕ್ಕೆ, ಕೌಸರ್ ದುರುಗೇಶನನ್ನು ಕರೆದುಕೊಂಡು ವಳಕಮದಿನ್ನಿಗೆ ಹೋದಳು. ನೂರ ಹನ್ನೆರಡರಿಂದ ಇನ್ನೊಂದು ಮಾದರಿ ಬೇಕಿತ್ತು. ಮನೆಯ ಹೊಸ್ತಿಲಲ್ಲೇ ಮೂಗಿಗೆ ಬಡಿದ ವಾಸನೆ ಏನೆಂದು ಅವಳಿಗೆ ಗೊತ್ತಾಯಿತು.

ಗ್ಯಾನಮ್ಮ ಹೊರಸಿನ ಮೇಲೆ ಕೂತಿದ್ದಳು. ಬಲಗಾಲಿಗೆ ಹಳೇ ಸೀರೆಯ ತುಂಡು ಸುತ್ತಿತ್ತು. "ಬಾರವ್ವ ಡಾಕ್ಟ್ರವ್ವ. ಸಕ್ರಿ ಹೋತು, ಕಾಲು ಬಂತು ನೋಡು."

ಸೊಸೆ ನಾಗವೇಣಿ, ಇಪ್ಪತ್ತಾರರ ಹುಡುಗಿ, ನೀರಿನ ತಂಬಿಗೆ ತಂದಿಟ್ಟಳು. "ಕಳಿ ಕೀಳಾಕ ಹೋದಾಗ ಬಾಟ್ಲಿ ಚೂರು ಚುಚ್ಚೇತ್ರಿ. ಕುಡದೋರು ಗದ್ದ್ಯಾಗೇ ಒಡದು ಒಗೀತಾರ. ಅತ್ತಿಗೆ ಗೊತ್ತೇ ಆಗಿಲ್ಲ, ಮನಿಗೆ ಬಂದ ಮ್ಯಾಲ ನಾ ರಕ್ತ ನೋಡೀನಿ."

"ಒಂಚೂರೂ ನೋವಿಲ್ಲವ್ವ," ಎಂದಳು ಗ್ಯಾನಮ್ಮ ಹೆಮ್ಮೆಯಿಂದ. "ಅದಕ್ಕೇ ದೊಡ್ಡದಲ್ಲ ಅಂತ ಬಿಟ್ವಿ."

ಕೌಸರ್ ಕಾಲಿನ ಸುತ್ತು ಬಿಚ್ಚಿದಳು. ಅರಿಸಿನ, ಔಡಲೆಲೆ, ಅದರಡಿ ಎರಡು ಬೆರಳು ಕಪ್ಪಾಗಿದ್ದವು, ಪಾದ ಹಿಮ್ಮಡಿಯವರೆಗೆ ಊದಿ ಬಣ್ಣಗೆಟ್ಟಿತ್ತು.

"ಡಾಕ್ಟರಿಗೆ ತೋರಿಸಿಲ್ಲೇನು?"

"ಊದಿದ ಮ್ಯಾಲ ಮೂರು ಮಂದಿಗೆ ತೋರ್ಸೀವ್ರಿ," ಎಂದಳು ನಾಗವೇಣಿ. "ಎಲ್ಲಾರೂ ಮೊದಲು ಸಕ್ರಿ ಐತೇನು ಅಂತ ಕೇಳತಾರ. ನಾವು ನಿಮ್ಮ ಕಾಗದ ತೋರ್ಸಿದ್ವಿ. ಇಷ್ಟು ದೊಡ್ಡ ಡಾಕ್ಟರು ಬರದಾರಂದ ಮ್ಯಾಲ ಮುಗೀತು ಅಂದ್ರು. ಮುಲಾಮು ಕೊಟ್ರು."

ಕೌಸರ್ ಚೀಲದಿಂದ ಸಣ್ಣ ಯಂತ್ರ ತೆಗೆದು ಗ್ಯಾನಮ್ಮನ ಬೆರಳು ಚುಚ್ಚಿದಳು. ಯಂತ್ರ ಅಂಕಿ ತೋರಿಸಲಿಲ್ಲ. ತನ್ನ ಅಳತೆ ಮೀರಿದೆ ಎಂಬ ಎರಡು ಅಕ್ಷರ ಮಾತ್ರ ತೋರಿಸಿತು. ಆರುನೂರು ದಾಟಿದರೆ ಅದು ಹಾಗೇ ಮಾಡುತ್ತದೆ.

"ಮಸ್ಕಿಗೆ ಬಂದಾಗ ಎಂಬತ್ತೆಂಟಿತ್ತಲ್ಲಮ್ಮ! ಆಮ್ಯಾಲೆ ಏನು ಮಾಡ್ಕೊಂಡ್ರಿ?"

"ನಾ ಎಲ್ಲಿ ಮಸ್ಕಿಗೆ ಬಂದೀನಿ?" ಗ್ಯಾನಮ್ಮ ಸೊಸೆಯ ಕಡೆ ನೋಡಿದಳು.

"ಅವತ್ತು ನಾ ಬಂದಿದ್ನಲ್ರೀ," ಎಂದಳು ನಾಗವೇಣಿ, ತಂಬಿಗೆ ಮುಂದೆ ಸರಿಸುತ್ತ. "ಮೊದಲ್ನೇ ಸಲ ಸೂಜಿ ಹಾಕಿದಾಗ ಅತ್ತಿ ಹೊಟ್ಟಿ ಹದಿನೈದು ದಿನ ನೀಲಿಗಟ್ಟಿತ್ತು. ಈ ವಯಸ್ಸಿನ್ಯಾಗ ಮತ್ಯಾಕ ಅಂತ ನಾ ಕೊಟ್ಟು ಬಂದೆ. ಕಾರ್ಡು ಒಯ್ದಿದ್ದೆ. ರೇಷನ್ನಿಗೂ ನಂದೇ ಹೆಬ್ಬೆಟ್ಟು ನಡೀತೈತಲ್ರೀ." ಸೀರೆಯ ಮೇಲಿಂದಲೇ ಹೊಕ್ಕುಳ ಪಕ್ಕ ಬೆರಳಿಟ್ಟಳು. "ನಂಗೂ ಇಲ್ಲಿ ಕಲೆ ಉಳದೈತಿ."

ಅವಳ ಮುಖದಲ್ಲಿ ಮನೆಯ ಒಂದು ಕೆಲಸ ಚೊಕ್ಕ ಮಾಡಿ ಬಂದವಳ ಸಮಾಧಾನವಿತ್ತು. ಕೌಸರ್ ದುರುಗೇಶನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ಜೀಪಿಗೆ ನಾನೇ ಹತ್ತಿಸಿದೆ ಮೇಡಂ," ಎಂದ ಮೆಲ್ಲಗೆ. "ಮನಿ ನಂಬರ ಸರಿ ಇತ್ರಿ."

ಹದಿನಾಲ್ಕು ವರ್ಷ ಅವನು ಯಾರ ಹೆಬ್ಬೆಟ್ಟು ಎಂದು ಕೇಳಿದವನಲ್ಲ. ಮನೆ ಸರಿಯಿದ್ದರೆ ಅಕ್ಕಿ ಕೊಡುತ್ತಿದ್ದ.

ಅದೇ ಜೀಪಿನಲ್ಲಿ ಗ್ಯಾನಮ್ಮನನ್ನು ಸಿಂಧನೂರಿನ ಒಂದು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿನ ಸರ್ಜನ್ ಕಾಲನ್ನು ಒಂದು ನಿಮಿಷ ನೋಡಿ ಕೌಸರಳನ್ನು ಹೊರಗೆ ಕರೆದ. "ಮೊಣಕಾಲಿನ ಮ್ಯಾಲೆ ತೆಗೀಬೇಕು. ಇವತ್ತು ಸಂಜಿಯೊಳಗ ಹೂಂ ಅನ್ನಲಿ, ಉಳಿಯೋ ಛಾನ್ಸ್ ಐತಿ. ನಾಳೆ ಹೂಂ ಅಂದ್ರ ನಾ ಉಹೂಂ ಅಂತೀನಿ."

ಗ್ಯಾನಮ್ಮ ಹೂಂ ಅನ್ನಲಿಲ್ಲ.

"ಸಕ್ರಿ ಇದ್ದೋರ ಕಾಲು ಕಡೀತಾರ, ನಂಗೊತ್ತೈತಿ. ನಮ್ಮ ಓಣ್ಯಾಗ ಇಬ್ಬರದು ಕಡದಾರ. ನಂಗ ಸಕ್ರಿ ಇಲ್ಲ, ಕಾಗದ ಐತಿ."

"ಈಗಷ್ಟೇ ರಕ್ತ ನೋಡೀವಲ್ಲಮ್ಮ," ಎಂದ ಸರ್ಜನ್.

"ನೀವು ನೋಡಿದ್ದು ಬೆರಳಿನ ರಕ್ತ. ಕಾಗದದಾಗ ಇರೋದು ತೋಳಿಂದು. ತೋಳಿಂದು ಖರೆ ಇರತೈತಿ."

ಮಗ ಬಾಲಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಗುತ್ತಿಗೆ ಕೂಲಿ. ಪಾಳಿಗೆ ಇಳಿದಿದ್ದ, ನೆಲದೊಳಗೆ ಫೋನು ಹತ್ತುವುದಿಲ್ಲ. ಗಡಿಯಾರ ಮೂರು ತೋರಿಸುತ್ತಿತ್ತು. ಕೌಸರ್ ನಾಗವೇಣಿಯ ಕೈಗೆ ಔಷಧಿ ಚೀಟಿ ಕೊಟ್ಟು ಹೊರಗೆ ಕಳಿಸಿದಳು. ಆಮೇಲೆ ಮಂಚದ ಅಂಚಿಗೆ ಕೂತಳು.

"ಅಮ್ಮಾ, ಆ ಕಾಗದ ಸುಳ್ಳು."

"ನೀನೇ ಬರದೀ."

"ನಾನೇ ಬರದೆ. ತಪ್ಪು ಬರದೆ. ಅದು ನಾಗವೇಣಿ ರಕ್ತ. ಸಕ್ರಿ ಇಲ್ದಿರೋದು ಆಕಿಗೆ. ನಿಮಗ ಇತ್ತು, ಐತಿ. ಆ ಕಾಗದ ನೋಡಿ ನಿಮ್ಮ ಗುಳಿಗಿ ನಿಲ್ಲಿಸಿದ್ರು. ಅದಕ್ಕೇ ಕಾಲು ಹಿಂಗಾತು."

ಗ್ಯಾನಮ್ಮ ಸೊಸೆ ಹೋದ ಬಾಗಿಲ ಕಡೆ ನೋಡಿದಳು. ಪಕ್ಕದ ಮಂಚದವರು ಟಿಫಿನ್ ಡಬ್ಬಿ ಬಿಚ್ಚುತ್ತಿದ್ದರು.

"ಒಂದೇ ಗಡಿಗ್ಯಾಗ ಉಂಡೋರ ರಕ್ತ ಬ್ಯಾರೆ ಬ್ಯಾರೆ ಇರತೈತೇನು?"

"ಇರತೈತಮ್ಮ."

"ಮೊದಲೇ ಹೇಳಬೇಕಿತ್ತವ್ವ ನೀ."

ಬೈದಂತೆ ಇರಲಿಲ್ಲ. ಸಾರಿಗೆ ಉಪ್ಪು ಹಾಕಿಲ್ಲ ಎಂಬಷ್ಟೇ ಸಾದಾ ಮಾತು. ನೂರ ನಲವತ್ತು ಮನೆಗೆ ಗೋದಾಮಿನ ಕತೆ ಹೇಳಿದವಳು ಈ ಒಂದು ಸಾಲು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ.

"ಕಡೀಲಿ," ಎಂದಳು ಗ್ಯಾನಮ್ಮ ಕಡೆಗೆ. "ಆದ್ರ ನಾಗಿಗೆ ಇದು ಗೊತ್ತಾಗಬಾರದು. ತಾನೇ ಮಾಡಿದೆ ಅನ್ಕೊಂತಾಳ. ಬಾಲ್ಯಾಗಂತೂ ಬ್ಯಾಡೇ ಬ್ಯಾಡ. ಮೊದಲೇ ಅವನ ಕೈ ಸುಮ್ಮನಿರಂಗಿಲ್ಲ. ಆಣಿ ಮಾಡು."

ಕೌಸರ್ ಅವಳ ಅಂಗೈ ಮೇಲೆ ಕೈಯಿಟ್ಟಳು.

ಆರು ಗಂಟೆಗೆ ಕಾಲು ತೆಗೆದರು. ಮೊದಲ ನಾಲ್ಕು ದಿನ ಗ್ಯಾನಮ್ಮ ಚೇತರಿಸಿಕೊಂಡಳು. ನರ್ಸಿಗೆ, "ಇನ್ನ ಒಂದೇ ಚಪ್ಪಲಿ ಸಾಕು, ಇನ್ನೊಂದು ನೀ ಹಾಕ್ಕೋ" ಎಂದಳು. ಐದನೆಯ ದಿನ ಜ್ವರ ಏರಿತು. ನಂಜು ಕಾಲಿಗಿಂತ ಮುಂದೆ ಹೋಗಿಬಿಟ್ಟಿತ್ತು. ನಾಗವೇಣಿ ನೆಲದ ಮೇಲೆ ಚಾಪೆ ಹಾಸಿಕೊಂಡು, ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತ ಅಲ್ಲೇ ಇದ್ದಳು. ಒಂಬತ್ತನೆಯ ದಿನ ಬೆಳಗ್ಗೆ ಗ್ಯಾನಮ್ಮ ಸತ್ತಳು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಸಕ್ಕರೆ ಕಾಯಿಲೆ ಎಂದು ಸ್ಪಷ್ಟವಾಗಿ ಬರೆದಿತ್ತು. ನಾಗವೇಣಿ ಅದನ್ನು ಓದಿಸಿಕೊಂಡು ಕೇಳಿದಳು: "ಹೋಗಿತ್ತಲ್ರೀ ಮೇಡಂ, ಮತ್ತ ಹೆಂಗ ಬಂತು?"

"ತಿರುಗಿ ಬಂತವ್ವ," ಎಂದಳು ಕೌಸರ್. ಹತ್ತು ವರ್ಷದ ಸಂಶೋಧನೆಯಲ್ಲಿ ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು ಅದು.

ಹೈದರಾಬಾದಿನವರಿಗೆ ಪತ್ರ ಬರೆದು ಅವಳು ನೂರ ಹನ್ನೆರಡನ್ನು ಹಿಂದಕ್ಕೆ ಪಡೆದಳು. ಅವರು ವಿಷಾದ ವ್ಯಕ್ತಪಡಿಸಿ, ಮುಂದಿನ ವರ್ಷಕ್ಕೂ ಆಹ್ವಾನ ಕೊಟ್ಟರು.

"ಒಂದು ನಂಬರ ತೆಗದಿರಿ, ಲೆಕ್ಕ ಸರಿ ಆತಲ್ರಿ," ಎಂದ ದುರುಗೇಶ.

"ಅವತ್ತು ಜೀಪಿನ್ಯಾಗ ಎಷ್ಟು ಮಂದಿ ಬದಲಿಗೆ ಬಂದಿದ್ರು ದುರುಗೇಶಣ್ಣ?"

ಅವನು ಕಿವಿ ತುರಿಸಿಕೊಂಡ. "ಎಲ್ಲಾರೂ ವಯಸ್ಸಾದೋರೇನು ಇರಲಿಲ್ರಿ."

ಗುಳಿಗೆ ಪೂರ್ತಿ ನಿಲ್ಲಿಸಿದ್ದು ಗ್ಯಾನಮ್ಮನದು ಮಾತ್ರ; ಆದರೆ ಒಳ್ಳೆಯ ವರದಿ ನೋಡಿ ಇಪ್ಪತ್ತಾರು ಮನೆಯಲ್ಲಿ ಗುಳಿಗೆ ಕಡಿಮೆ ಮಾಡಿದ್ದರು. ಎಲ್ಲರೂ ಮತ್ತೆ ರಕ್ತ ಕೊಡಬೇಕೆಂದು ಕೌಸರ್ ಡಂಗುರ ಹೊಡೆಸಿದಳು. ಕಾರಣ ಹೇಳಲಿಲ್ಲ. ಒಂಬತ್ತು ಜನ ಬಂದರು. ಉಳಿದವರ ಮಾತು ಒಂದೇ: "ನಮ್ಮ ಮನಿಯಿಂದ ಹೋಗಿ ಬಂದಾರಲ್ರೀ. ಎಷ್ಟು ಸಲ ಕೊಡಬೇಕು?" ಆರೋಗ್ಯ ಕೇಂದ್ರದಿಂದ ಹೇಳಿಸಿದಳು. ಇನ್ನಿಬ್ಬರು ಬಂದರು. ಹನ್ನೆರಡನೆಯವರ ಕಾಲಿಗೋ ಇಪ್ಪತ್ತನೆಯವರ ಕಣ್ಣಿಗೋ ಏನಾಗುತ್ತಿದೆಯೋ ಎಂದು ಲಿಂಗಸುಗೂರಿನ ಮನೆಯಲ್ಲಿ ಅವಳಿಗೆ ಅನ್ನ ಇಳಿಯಲಿಲ್ಲ. ಕಾರಣ ಹೇಳದೆ ಯಾರೂ ಬರುವುದಿಲ್ಲ. ಕಾರಣ ಹೇಳಿದರೆ, ಹೇಳಿದ ಅರ್ಧ ಗಂಟೆಯಲ್ಲಿ ಅದು ನಾಗವೇಣಿಯ ಬಾಗಿಲಲ್ಲಿರುತ್ತದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು ಅವಳು ಹೊರಟಳು. ಸತ್ತವಳಿಗೆ ಕೊಟ್ಟ ಮಾತು ಮುರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಕ್ಕಲಿಲ್ಲ.

ನಾಗವೇಣಿ ಹಿತ್ತಲಲ್ಲಿ ಗ್ಯಾನಮ್ಮನ ಕೌದಿ ಒಗೆಯುತ್ತಿದ್ದಳು. ಕೌಸರ್ ಬಟ್ಟೆ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಹೇಳಿದಳು. ಕಾರ್ಡು ತಪ್ಪು ಮಾಡಿಸಿದ್ದು, ವಯಸ್ಸು ತೆಗೆಸಿದ್ದು, ಆ ವಾರ ತಾನು ಬರದೇ ಇದ್ದದ್ದು, ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಬರೆದದ್ದು. ತನ್ನ ತಪ್ಪುಗಳನ್ನು ಮೊದಲು ಹೇಳಿದರೆ ಉಳಿದದ್ದು ಹಗುರಾಗಬಹುದೆಂದು ಅಂದುಕೊಂಡಿದ್ದಳು. ಆಗಲಿಲ್ಲ. ನಾಗವೇಣಿಯ ಕೈ ನೊರೆಯಲ್ಲಿ ಹಾಗೇ ನಿಂತಿತ್ತು.

"ನಂದು ಎಷ್ಟಿತ್ರಿ?"

"ಎಂಬತ್ತೆಂಟು."

"ಅಂದ್ರ ಛಲೋನಾ?"

"ಭಾಳ ಛಲೋ."

ನಾಗವೇಣಿ ಕೌದಿಯ ಒಂದು ತುದಿ ಹಿಡಿದು ಹಿಂಡಿದಳು. ಒಬ್ಬಳಿಂದ ಆಗುವ ಕೆಲಸವಲ್ಲ. ಕೌಸರ್ ಇನ್ನೊಂದು ತುದಿ ಹಿಡಿಯಲು ಹೋದಾಗ ಬೇಡವೆಂದು ತಲೆಯಾಡಿಸಿದಳು.

"ಅತ್ತಿಗೆ ಗೊತ್ತಿತ್ತೇನ್ರಿ ಇದು?"

"ಕಾಲು ಕಡಿಯೋ ದಿನ ಹೇಳಿದೆ."

"ಗೊತ್ತಿದ್ದೂ ನನ್ನ ಕೈಲೇ ಗಂಜಿ ಕುಡದ್ಲು." ನಾಗವೇಣಿ ಕೌದಿಯನ್ನು ಕಲ್ಲಿನ ಮೇಲೆ ಬಿಟ್ಟಳು. "ಒಂಬತ್ತು ದಿನ."

ಅವಳು ಅಳಲಿಲ್ಲ. ಕೈ ತೊಳೆದು ಸೆರಗಿನಿಂದ ಒರೆಸಿಕೊಂಡಳು.

"ನಮ್ಮ ಜೀಪಿನ್ಯಾಗ ಹನ್ನೊಂದು ಮಂದಿ ಇದ್ವಿ. ಖರೇನ ಕಾಯಿಲೆಯೋರು ಇಬ್ರೇ. ಉಳದೋರೆಲ್ಲ ನನ್ನಂಗ ಸೊಸೆಂದ್ರು. ಒಂದಿನ ಕಳಿ ಕೀಳೋದು ತಪ್ಪಿತು ಅಂತ ಮಸ್ಕಿತನಾ ನಕ್ಕೊಂತ ಹೋಗಿದ್ವಿ." ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿದಳು. "ರೇಣುಕಮ್ಮನ ಮನಿಯಿಂದ ಹಿಡೀರಿ. ಆಕೀ ಕಣ್ಣು ಮಂಜಾಗ್ಯಾವಂತ."

"ನೀ ಬರೋದು ಬ್ಯಾಡವ್ವ. ಊರಿಗೆಲ್ಲ ಗೊತ್ತಾಗತೈತಿ. ಬಾಲಪ್ಪ—"

"ನೀವು ಹೇಳಿದ್ರ ಯಾರೂ ನಂಬಂಗಿಲ್ರಿ. ಸೂಜಿ ಚುಚ್ಚಿಸ್ಕೊಂಡೋರು ನಾವು." ಅವಳು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. "ಹಟ್ಟಿಯಿಂದ ಅವ್ರ ಬಸ್ಸು ಬರೋದು ಏಳಕ್ಕ. ಅಷ್ಟ್ರಾಗ ಎಷ್ಟು ಮನಿ ಆಗ್ತಾವೋ ನೋಡೂಣ, ನಡೀರಿ."

ಆಗ ಮೂರೂವರೆ. ಜೀಪಿಗೆ ಒರಗಿ ನಿಂತಿದ್ದ ದುರುಗೇಶ ಇಬ್ಬರೂ ಒಟ್ಟಿಗೆ ಬರುವುದನ್ನು ಕಂಡು ಏನೋ ಹೇಳಹೋದ. ನಾಗವೇಣಿ ಅವನನ್ನು ದಾಟಿ ಹೋಗಿ ರೇಣುಕಮ್ಮನ ಬಾಗಿಲು ಬಡಿದಳು.